ಪಕ್ಕದ ಎಲೆಯ ಹೋಳಿಗೆ

ವಿಮಾನ ಪೈಲಟ್‌ಗಳ ಸಂಬಳ, ಪಿಂಚಣಿ ಮತ್ತು ಡ್ಯೂಟಿ ನಿಯಮಗಳ ತೌಲನಿಕ ಅಧ್ಯಯನಕ್ಕೆ ಬಸವನಗುಡಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹಿಂದೆ ಒಬ್ಬರಿದ್ದರು, ಮಗಳ ಮನೆಗೆ ಹೋಗಿಬಿಟ್ಟರು. ಹಾಗಾಗಿ ಈ ಕ್ಷೇತ್ರದ ಹಿರಿಯ ವಿದ್ವಾಂಸನೂ ಉದಯೋನ್ಮುಖ ಪ್ರತಿಭೆಯೂ ಸದ್ಯಕ್ಕೆ ನಾನೇ.

ಅರ್ಹತೆ ಏನು ಎಂದು ಕೇಳುವವರಿರುತ್ತಾರೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು, ಅದರಲ್ಲಿ ಹನ್ನೊಂದು ವರ್ಷ ನೌಕರರ ಸಂಘದ ಕಾರ್ಯದರ್ಶಿ. ಬೈಪಾರ್ಟೈಟ್ ಸೆಟ್ಲ್‌ಮೆಂಟುಗಳನ್ನು ಕಂಡಿದ್ದೇನೆ, ಅವುಗಳ ಅರಿಯರ್ಸನ್ನೂ ಕಂಡಿದ್ದೇನೆ, ಎರಡರ ನಡುವೆ ತಲೆಕೂದಲು ಎಷ್ಟು ಉದುರುತ್ತದೆ ಎಂಬುದನ್ನೂ ಕಂಡಿದ್ದೇನೆ. ವಿಮಾನ ಹತ್ತಿದ್ದು ನಾಲ್ಕು ಸಲ, ಕಿಟಕಿ ಸಿಕ್ಕಿದ್ದು ಎರಡು ಸಲ. ಕಾಕ್‌ಪಿಟ್ಟಿನ ಬಾಗಿಲನ್ನು ಬಹಳ ಹತ್ತಿರದಿಂದ ನೋಡಿದ್ದೇನೆ, ಮುಚ್ಚಿತ್ತು. ಸಂಶೋಧಕನಿಗೆ ಅಷ್ಟು ದೂರ ಇರಲೇಬೇಕು. ತೀರ ಒಳಗೆ ಹೋದರೆ ಅಭಿಪ್ರಾಯ ಬದಲಾಗುವ ಅಪಾಯವಿದೆ.

ಈ ಶಾಸ್ತ್ರದ ಮೂಲಸೂತ್ರ ಮದುವೆ ಊಟದ ಪಂಕ್ತಿಯಲ್ಲಿದೆ. ನಮ್ಮ ಎಲೆಗೆ ಹೋಳಿಗೆ ಬಿತ್ತೇ ಎಂಬುದು ಪ್ರಶ್ನೆಯೇ ಅಲ್ಲ, ಪಕ್ಕದ ಎಲೆಗೆ ಎಷ್ಟು ಬಿತ್ತು ಎಂಬುದು ಪ್ರಶ್ನೆ. ಎರಡನೆಯ ಸೂತ್ರ ಇನ್ನೂ ಮುಖ್ಯ. ಎಡಕ್ಕೆ ನೋಡಬೇಕೋ ಬಲಕ್ಕೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಆಮೇಲೆ ಕತ್ತು ತಿರುಗಿಸಬೇಕು. ಪೈಲಟ್ ಸಂಘದವರು ಹೆಚ್ಚು ಬಡಿಸಿಕೊಂಡವರ ಕಡೆ ತಿರುಗುತ್ತಾರೆ, ಆಡಳಿತದವರು ಇನ್ನೂ ಸಾರಿಗೇ ಕಾಯುತ್ತಿರುವವರ ಕಡೆ. ಇಷ್ಟು ತಿಳಿದವನಿಗೆ ಮಿಕ್ಕಿದ್ದೆಲ್ಲ ಬರೀ ಗುಣಾಕಾರ.

ಗುಣಾಕಾರವೇನೋ ಸುಲಭ ಅಂದುಕೊಂಡಿದ್ದೆ, ಏಕೆಂದರೆ ಪೈಲಟ್‌ಗೆ ಸಂಬಳ ಗಂಟೆ ಲೆಕ್ಕ. ಆದರೆ ಗಂಟೆ ಎಂದರೆ ಯಾವುದು? ಬೆಳಗಿನ ಜಾವ ಮೂರಕ್ಕೆ ಎದ್ದದ್ದು ಗಂಟೆಯಲ್ಲ. ಏರ್‌ಪೋರ್ಟಿಗೆ ಬಂದು ಹವಾಮಾನದ ಕಾಗದ ಓದಿ, ಇಂಧನದ ಲೆಕ್ಕ ಹಾಕಿ, ಟಾರ್ಚ್ ಹಿಡಿದು ವಿಮಾನಕ್ಕೊಂದು ಪ್ರದಕ್ಷಿಣೆ ಬಂದು ಚಕ್ರ ನೋಡಿದ್ದು ಗಂಟೆಯಲ್ಲ. ನಮ್ಮಂಥವರು ಮೇಲಿನ ಖಾನೆಗೆ ಹಪ್ಪಳದ ಡಬ್ಬ ತುರುಕಿ ಮುಗಿಸುವ ತನಕ ಕಾದದ್ದೂ ಅಲ್ಲ. ಹೊರಡಲಿಕ್ಕೆ ಬ್ರೇಕ್ ಬಿಟ್ಟಾಗ ಗಂಟೆ ಶುರು, ಇನ್ನೊಂದು ಊರಿನ ಗೇಟಿನಲ್ಲಿ ಬ್ರೇಕ್ ಹಾಕಿದಾಗ ಮುಗಿಯಿತು. ಇದಕ್ಕೆ ಬ್ಲಾಕ್ ಅವರ್ ಎಂದು ಹೆಸರು. ಗಾಂಧಿ ಬಜಾರಿನ ಆಟೋದವರಿಗಾದರೂ ವೇಯ್ಟಿಂಗ್ ಚಾರ್ಜ್ ಇದೆ.

ತಜ್ಞನಿಗೆ ಇದಕ್ಕಿಂತ ಫಲವತ್ತಾದ ಜಮೀನು ಸಿಗುವುದಿಲ್ಲ. ಸುರಕ್ಷತೆಯ ನಿಯಮದ ಪ್ರಕಾರ ಅಮೆರಿಕದಲ್ಲೂ ಇಲ್ಲೂ ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಆಡಳಿತದ ಪಟ್ಟಿಯಲ್ಲಿ ಇದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಎಂಬತ್ತು ಚಿಲ್ಲರೆ ಗಂಟೆ ಕೆಲಸ ಎಂದು ಬರೆದು, ಪಕ್ಕದಲ್ಲಿ ಸಂಬಳ ಬರೆದು, ಓದುವವರು ನಿಟ್ಟುಸಿರು ಬಿಡಲು ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಸಂಘದ ಪಟ್ಟಿಯಲ್ಲಿ ಅದೇ ಮನುಷ್ಯ ಮನೆ ಬಿಟ್ಟು ಹೊರಗಿದ್ದ ಗಂಟೆಗಳಿರುತ್ತವೆ, ಹೋಟೆಲ್ ರೂಮಿನ ಪರದೆ ಎಳೆದು ಹಗಲು ನಿದ್ದೆ ಮಾಡಲು ನೋಡಿದ ಗಂಟೆಗಳೂ ಸೇರಿ. ಅದು ಎಂಬತ್ತರ ಮೂರು ಪಟ್ಟು ದಾಟುವುದುಂಟು. ಎರಡೂ ಪಟ್ಟಿ ಸತ್ಯ. ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಸುಳ್ಳು ಪಟ್ಟಿ ನೋಡಿಯೇ ಇಲ್ಲ.

ಈ ಅಂತರ ತುಂಬಲಿಕ್ಕೆ ಒಪ್ಪಂದಗಳಲ್ಲಿ ಟ್ರಿಪ್ ರಿಗ್, ಡ್ಯೂಟಿ ರಿಗ್, ಮಿನಿಮಮ್ ಗ್ಯಾರಂಟಿ ಎಂಬ ಬಾಬ್ತುಗಳಿವೆ. ಇಷ್ಟು ಗಂಟೆ ಮನೆ ಬಿಟ್ಟರೆ ಒಂದು ಗಂಟೆಯ ಸಂಬಳ, ಇಷ್ಟು ಹೊತ್ತು ಡ್ಯೂಟಿಯಲ್ಲಿದ್ದರೆ ಇನ್ನೊಂದು, ಹಾರಲು ಕರೆಯದಿದ್ದರೂ ತಿಂಗಳಿಗೆ ಇಂತಿಷ್ಟು ಗಂಟೆಯ ಕೂಲಿ ಖಾತ್ರಿ. ಸಂಬಳದ ದರ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ಬಾಳು ನಡೆಯುವುದು ಈ ರಿಗ್ಗಿನಲ್ಲಿ, ನಾನೂರನೇ ಪುಟದ ಅಡಿಟಿಪ್ಪಣಿಯಲ್ಲಿ.

ಎಲ್ಲದಕ್ಕೂ ಆದಿ ಅಮೆರಿಕ. 1931ರಲ್ಲಿ ಅಲ್ಲಿನ ಪೈಲಟ್‌ಗಳು ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಕಟ್ಟಿಕೊಂಡರು. ಹೊಸ ವಿಮಾನಗಳು ವೇಗವಾದವು, ಮಾಲೀಕರು ಗಂಟೆ ಲೆಕ್ಕದಲ್ಲೇ ಕೊಡುತ್ತೇವೆಂದರು. ವೇಗ ಹೆಚ್ಚಿದಷ್ಟೂ ಗಂಟೆ ಕಡಿಮೆ, ಗಂಟೆ ಕಡಿಮೆಯಾದಷ್ಟೂ ಸಂಬಳ ಕಡಿಮೆ. ಚುರುಕಾಗಿ ಕಳೆ ಕಿತ್ತವಳಿಗೆ ಬೇಗ ಮುಗಿಸಿದೆಯಲ್ಲ ಎಂದು ಅರ್ಧ ಕೂಲಿ ಕೊಟ್ಟಂತೆ. 1934ರಲ್ಲಿ ಸರ್ಕಾರದ ಕಾರ್ಮಿಕ ಮಂಡಳಿ ತನ್ನ 83ನೇ ನಿರ್ಣಯದಲ್ಲಿ ಪಂಚಾಯ್ತಿ ಮುಗಿಸಿತು. ಮೂಲ ವೇತನ ಒಂದು, ಗಂಟೆಗೊಂದು, ಮೈಲಿಗೊಂದು, ರಾತ್ರಿ ಹಾರಿದರೆ ಬೇರೆ ದರ, ತಿಂಗಳಿಗೆ 85 ಗಂಟೆ ಮಿತಿ. ಮುಂದೆ ವಿಮಾನದ ತೂಕವೂ ಲೆಕ್ಕಕ್ಕೆ ಬಂತು. ಲಾರಿ ದೊಡ್ಡದಾದರೆ ಡ್ರೈವರ್ ದೊಡ್ಡವನು. ಆ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ.

ಇವರ ವ್ಯಾಜ್ಯ ಯಾವ ಕಾಯ್ದೆಯಡಿ ಬರುತ್ತದೆ ಗೊತ್ತೇ? ರೈಲ್ವೆ ಕಾರ್ಮಿಕ ಕಾಯ್ದೆ. 1926ರಲ್ಲಿ ರೈಲಿನವರಿಗೆ ಮಾಡಿದ್ದು, 1936ರಲ್ಲಿ ವಿಮಾನದವರನ್ನೂ ಅದೇ ಬೋಗಿಗೆ ಹತ್ತಿಸಿದರು. ಈ ಕಾಯ್ದೆಯಡಿ ಒಪ್ಪಂದಕ್ಕೆ ಸಾವಿಲ್ಲ. ಅವಧಿ ಮುಗಿದರೂ ಮುಗಿಯುವುದಿಲ್ಲ, ತಿದ್ದುಪಡಿಗೆ ಅರ್ಹವಾಗುತ್ತದೆ, ಅಷ್ಟೇ. ಮಾತುಕತೆ, ಅದು ಮುರಿದರೆ ಮಧ್ಯಸ್ಥಿಕೆ, ಮಧ್ಯಸ್ಥರಿಗೆ ಸಾಕಾಗುವವರೆಗೆ ಮಧ್ಯಸ್ಥಿಕೆ, ಆಮೇಲೆ ತಣ್ಣಗಾಗಲು 30 ದಿನ. ಅಷ್ಟಾದ ಮೇಲೆ ಮುಷ್ಕರ ಹೂಡಬಹುದು. 1997ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಈ ಎಲ್ಲ ಮೆಟ್ಟಿಲು ಹತ್ತಿ ಮಧ್ಯರಾತ್ರಿ ಹನ್ನೆರಡಕ್ಕೆ ಮುಷ್ಕರ ಶುರುಮಾಡಿದರು. ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ನಿಲ್ಲಿಸಿಬಿಟ್ಟರು. ನಮ್ಮ ಬ್ಯಾಂಕಿನ ಮುಷ್ಕರದಲ್ಲಿ ಬ್ಯಾನರ್ ಕಟ್ಟಲಿಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಪಂಕ್ತಿಯ ಸೂತ್ರವನ್ನು ಶುದ್ಧ ರೂಪದಲ್ಲಿ ನೋಡಬೇಕಾದರೆ 2023ಕ್ಕೆ ಬರಬೇಕು. ಮಾರ್ಚಿನಲ್ಲಿ ಡೆಲ್ಟಾ ಏರ್‌ಲೈನ್ಸ್‌ನ ಪೈಲಟ್‌ಗಳಿಗೆ ನಾಲ್ಕು ವರ್ಷಕ್ಕೆ ಶೇಕಡ 34ರಷ್ಟು ಏರಿಕೆ ಸಿಕ್ಕಿತು, ಅದರಲ್ಲಿ 18 ಕೂಡಲೇ. ದೊಡ್ಡ ವಿಮಾನದ ಹಿರಿಯ ಕ್ಯಾಪ್ಟನ್ನಿಗೆ ಗಂಟೆಗೆ 400 ಡಾಲರ್ ದಾಟಿತು. ಅಮೆರಿಕನ್‌ನವರು ಪಕ್ಕಕ್ಕೆ ನೋಡಿ ತಮ್ಮದನ್ನು ಕುದುರಿಸಿಕೊಂಡರು. ಆ ಕರಡು ಮತಕ್ಕೆ ಹೋಗುವಷ್ಟರಲ್ಲಿ ಜುಲೈನಲ್ಲಿ ಯುನೈಟೆಡ್‌ನವರಿಗೆ ಇನ್ನೂ ಚೆನ್ನಾಗಿ ಬಡಿಸಿದ ಸುದ್ದಿ ಬಂತು. ಅಮೆರಿಕನ್‌ನವರು ಎಲೆ ಮುಂದೆ ಕೈ ಅಡ್ಡ ಹಿಡಿದು ಕೂತರು. ಕಂಪನಿ ನಾಲ್ಕು ವರ್ಷಕ್ಕೆ ಇನ್ನೂ ನೂರು ಕೋಟಿ ಡಾಲರಿಗೂ ಮಿಕ್ಕಿ ಸೇರಿಸಿತು. ಡೆಲ್ಟಾದವರು ಇದನ್ನೆಲ್ಲ ನೋಡುತ್ತ ನಿಶ್ಚಿಂತೆಯಿಂದಿದ್ದರು. ಮಿಕ್ಕಿಬ್ಬರಲ್ಲಿ ಯಾರಿಗೆ ಎಷ್ಟೇ ಸಿಕ್ಕಲಿ, ತಮ್ಮ ದರ ಅದಕ್ಕಿಂತ ಶೇಕಡ 1 ಮೇಲಿರಬೇಕು ಎಂದು ಅವರು ಮೊದಲೇ ಬರೆಸಿಕೊಂಡಿದ್ದರು. ಪಕ್ಕದವನ ಎಲೆ ನೋಡುವ ಹಕ್ಕನ್ನು ಸ್ಟಾಂಪ್ ಪೇಪರಿನ ಮೇಲೆ ತಂದ ಈ ಕಲಮಿನ ಮುಂದೆ ನಮ್ಮ ಸಂಘದ ಎಲ್ಲ ಬೇಡಿಕೆ ಪಟ್ಟಿಗಳೂ ಮಂಕು. ನಾನದನ್ನು ಪ್ರಿಂಟ್ ತೆಗೆಸಿ ದೇವರ ಗೂಡಿನ ಪಕ್ಕ ಇಟ್ಟಿದ್ದೆ. ಮನೆಯವಳು ಅದರಲ್ಲಿ ಕರ್ಪೂರ ಸುತ್ತಿಟ್ಟಳು.

ಪಿಂಚಣಿಯ ಅಧ್ಯಾಯಕ್ಕೆ ಬಂದರೆ ಸ್ವಲ್ಪ ಗಂಭೀರವಾಗಬೇಕು. ಯುನೈಟೆಡ್‌ನಲ್ಲಿ 1994ರಲ್ಲಿ ಒಂದು ಪ್ರಯೋಗವಾಯಿತು. ನೌಕರರು ಸಂಬಳ ಕಡಿತ ಒಪ್ಪಿಕೊಂಡು ಕಂಪನಿಯ ಶೇಕಡ 55ರಷ್ಟು ಷೇರಿಗೆ ಒಡೆಯರಾದರು. ಕೂಲಿಯವನೇ ಯಜಮಾನ, ಸಮಾಜವಾದ ಆಕಾಶಮಾರ್ಗವಾಗಿ ಬಂತು ಎಂದೇ ತೋರಿತು. 2002ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಷೇರಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ. 2005ರಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆದು ಪಿಂಚಣಿ ಯೋಜನೆಗಳನ್ನೂ ಕೈಬಿಟ್ಟಿತು. ಗುಂಡಿ 980 ಕೋಟಿ ಡಾಲರಿನದು. ಅದರಲ್ಲಿ ಸುಮಾರು 660 ಕೋಟಿಯ ಹೊಣೆ ಸರ್ಕಾರದ ಪಿಂಚಣಿ ಖಾತರಿ ನಿಗಮದ ತಲೆಗೆ, ಮಿಕ್ಕಿದ್ದು ನೌಕರರ ತಲೆಗೆ ಬಿತ್ತು. ಒಡೆಯರ ತಲೆಗೆ ಎಂದರೂ ತಪ್ಪಿಲ್ಲ, ಇಬ್ಬರೂ ಒಬ್ಬರೇ.

ಈ ನಿಗಮ 65ಕ್ಕೆ ನಿವೃತ್ತರಾದವರಿಗೆ ಆ ವರ್ಷ ಹೆಚ್ಚೆಂದರೆ ವಾರ್ಷಿಕ 45,614 ಡಾಲರ್ ಕೊಡುತ್ತಿತ್ತು. ಮೊದಲೇ ಎದ್ದವರಿಗೆ ಕಡಿತ, 60ಕ್ಕೆ ಎದ್ದರೆ 29,649. ಪೈಲಟ್‌ಗಳೇಕೆ 60ಕ್ಕೇ ಎದ್ದರು ಎಂದು ಕೇಳಬೇಡಿ. ಅರವತ್ತಾದ ದಿನ ಏಳಲೇಬೇಕೆಂದು ಅದೇ ಸರ್ಕಾರದ ವಿಮಾನಯಾನ ಸಂಸ್ಥೆ 1959ರಲ್ಲಿ ನಿಯಮ ಮಾಡಿತ್ತು. ರಟ್ಟೆ ಹಿಡಿದು ಪಂಕ್ತಿಯಿಂದ ಎಬ್ಬಿಸಿ, ಮಜ್ಜಿಗೆಗೆ ಮೊದಲೇ ಎದ್ದೆಯಲ್ಲ ಎಂದು ದಕ್ಷಿಣೆಯಲ್ಲಿ ಮುರಿದುಕೊಂಡ ಹಾಗೆ. ಆ ನಿಯಮ ಬೇಕೆಂದು ಆಗ ಕಾಗದ ಬರೆದವರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಸಿ.ಆರ್. ಸ್ಮಿತ್ ಒಬ್ಬರು, ನಿಯಮ ಮಾಡಿದವರು ಎಲ್‌ವುಡ್ ಕೆಸಾಡ. ಸರ್ಕಾರಿ ಹುದ್ದೆ ಬಿಟ್ಟ ಮೇಲೆ ಕೆಸಾಡ ಅವರು ಅಮೆರಿಕನ್ ಏರ್‌ಲೈನ್ಸ್‌ನ ನಿರ್ದೇಶಕ ಮಂಡಳಿಗೆ ಬಂದರು. ತೌಲನಿಕ ಅಧ್ಯಯನದಲ್ಲಿ ಇಂಥದಕ್ಕೆ ಕಾಕತಾಳೀಯ ಎಂದು ಬರೆದು ಮುಂದೆ ಹೋಗುವುದು ಪದ್ಧತಿ. ಪಿಂಚಣಿಗಳು ಮುಳುಗಿ ತಳ ಮುಟ್ಟಿದ ಮೇಲೆ, 2007ರ ಡಿಸೆಂಬರಿನಲ್ಲಿ, ವಯೋಮಿತಿಯನ್ನು 65ಕ್ಕೆ ಏರಿಸಿದರು. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನೂ ಬದುಕಿಸಿದ ಕ್ಯಾಪ್ಟನ್ ಸಲನ್‌ಬರ್ಗರ್ ಅವರನ್ನು 2009ರಲ್ಲಿ ಸನ್ಮಾನದ ಉತ್ಸಾಹದಲ್ಲೇ ಸಂಸತ್ತಿನ ಸಮಿತಿ ಕರೆಸಿಕೊಂಡಿತು. ಅವರು ತಮ್ಮ ಸಂಬಳ ಶೇಕಡ 40ರಷ್ಟು ಕಡಿತವಾಗಿದೆ, ಪಿಂಚಣಿ ಹೋಗಿದೆ ಎಂದು ಹೇಳಿ ಕೂತರು. ಕರೆದವರಿಗೆ ಮುಜುಗರ.

ನನ್ನ ಪಿಂಚಣಿಯ ಬಗ್ಗೆಯೂ ಒಂದು ಮಾತು. ತೊಂಬತ್ತರ ದಶಕದಲ್ಲಿ ಬ್ಯಾಂಕಿನವರಿಗೆ ಪಿಂಚಣಿಯೋ ಪ್ರಾವಿಡೆಂಟ್ ಫಂಡೋ ಆರಿಸಿಕೊಳ್ಳಿ ಎಂದಾಗ ನಾನು ಎರಡು ರಾತ್ರಿ ಕೂತು ತೌಲನಿಕ ಪಟ್ಟಿ ಹಾಕಿದೆ. ಪಟ್ಟಿ ನಿರ್ದುಷ್ಟವಾಗಿತ್ತು, ಆಯ್ಕೆ ತಪ್ಪಾಗಿತ್ತು. ಪಟ್ಟಿ ನೋಡದೆ ಹೆಂಡತಿಯ ಮಾತು ಕೇಳಿ ಪಿಂಚಣಿ ಬರೆದುಕೊಟ್ಟ ನಮ್ಮ ದಫೇದಾರ ಗೆದ್ದ. 2010ರಲ್ಲಿ ಎರಡನೇ ಅವಕಾಶ ಬಂದಾಗ ಕಂತೆ ಕಂತೆ ಹಣ ವಾಪಸು ಕಟ್ಟಿ ದಾರಿಗೆ ಬಂದೆ. ಈ ಅನುಭವದ ಬಲದಿಂದಲೇ ಪಿಂಚಣಿಯ ವಿಚಾರದಲ್ಲಿ ನನ್ನ ಸಲಹೆಗೆ ತೂಕವಿದೆ ಎಂದು ನಾನು ಹೇಳುವುದು.

ಇನ್ನು ಸೀನಿಯಾರಿಟಿ. ಅಲ್ಲಿ ಪೈಲಟ್‌ನ ಜಾತಕವೆಂದರೆ ಜ್ಯೇಷ್ಠತಾ ಪಟ್ಟಿಯಲ್ಲಿ ಅವನ ನಂಬರು. ಯಾವ ವಿಮಾನ, ಯಾವ ಊರು, ಯಾವ ರಜೆ, ಎಲ್ಲ ಅದರಿಂದಲೇ. ಕಂಪನಿ ಬದಲಿಸಿದರೆ ಇಪ್ಪತ್ತು ವರ್ಷದ ಕ್ಯಾಪ್ಟನ್ನೂ ಹೊಸ ಕಂಪನಿಯ ಬಾಲದಲ್ಲಿ ನಿಲ್ಲಬೇಕು. ಎರಡು ಕಂಪನಿ ಮದುವೆಯಾದರೆ? 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಕೂಡಿದವು. ಎರಡು ಪಟ್ಟಿ ಹೆಣೆಯಲು ಜಾರ್ಜ್ ನಿಕೊಲಾವ್ ಎಂಬ ಪಂಚರನ್ನು ಕೂರಿಸಿದರು. ಅವರ 2007ರ ತೀರ್ಪು ಪೂರ್ವದವರಿಗೆ, ಅಂದರೆ ಹಳೇ ಯುಎಸ್ ಏರ್‌ವೇಸ್‌ನವರಿಗೆ, ಹಿಡಿಸಲಿಲ್ಲ, ಸಂಘವನ್ನೇ ಬದಲಿಸಿ ಹೊಸದು ಕಟ್ಟಿದರು. ಮುಂದೆ ವರ್ಷಗಟ್ಟಲೆ ವಿಮಾನಕ್ಕೆ ಒಂದೇ ಬಣ್ಣ, ಕಂಪನಿಗೆ ಒಂದೇ ಹೆಸರು, ಆದರೆ ಕಾಕ್‌ಪಿಟ್ಟಿನಲ್ಲಿ ಪೂರ್ವದವರು ಪೂರ್ವದವರೊಂದಿಗೆ, ಪಶ್ಚಿಮದವರು ಪಶ್ಚಿಮದವರೊಂದಿಗೆ. ಕಂಪನಿ ಇನ್ನೊಂದು ಕಂಪನಿಯೊಳಗೆ ಕರಗಿ, ಅಂತಿಮ ಪಟ್ಟಿ ಬಂದದ್ದು 2016ರಲ್ಲಿ. ದಾಯಾದಿ ವ್ಯಾಜ್ಯಕ್ಕೆ ನಾವೇ ಗುತ್ತಿಗೆದಾರರು ಎಂಬ ನನ್ನ ಅಭಿಮಾನಕ್ಕೆ ಅಂದು ಪೆಟ್ಟುಬಿತ್ತು.

ಆದರೆ ನಮ್ಮವರೂ ಕಡಿಮೆಯೇನಲ್ಲ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. 2011ರಲ್ಲಿ ಹಳೇ ಇಂಡಿಯನ್ ಏರ್‌ಲೈನ್ಸ್ ಕಡೆಯವರು ಹತ್ತು ದಿನ ಮುಷ್ಕರ ಹೂಡಿದರು. ಬೇಡಿಕೆ: ನಮ್ಮನ್ನೂ ಅವರನ್ನೂ ಸಮವಾಗಿ ಕಾಣಿ. 2012ರಲ್ಲಿ ಹಳೇ ಏರ್ ಇಂಡಿಯಾ ಕಡೆಯವರು 58 ದಿನ ಮುಷ್ಕರ ಹೂಡಿದರು. ಡ್ರೀಮ್‌ಲೈನರ್ ತರಬೇತಿ ನಮ್ಮದು, ಅವರಿಗೆ ಕೊಡಬೇಡಿ. ಅಂದರೆ: ನಮ್ಮನ್ನೂ ಅವರನ್ನೂ ಸಮವಾಗಿ ಕಾಣಬೇಡಿ. ಒಂದೇ ಕಂಪನಿಯಲ್ಲಿ ಒಂದು ವರ್ಷದ ಅಂತರದಲ್ಲಿ ಪಂಕ್ತಿಯ ಎರಡೂ ಸೂತ್ರಗಳಿಗೆ ಪ್ರಯೋಗಸಿದ್ಧ ಪುರಾವೆ. ಆ 2012ರಲ್ಲೇ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್‌ನವರು ಏಳು ತಿಂಗಳು ಸಂಬಳವಿಲ್ಲದೆ ಅಕ್ಟೋಬರಿನಲ್ಲಿ ಕೆಲಸ ನಿಲ್ಲಿಸಿದರು. ಸಂಬಳದ ದರದ ಬಗ್ಗೆ ಅಲ್ಲಿ ಯಾರಿಗೂ ತಕರಾರಿರಲಿಲ್ಲ. ದರಪಟ್ಟಿ ಸೊಗಸಾಗಿಯೇ ಇತ್ತು.

ಈಗ ಇಷ್ಟೆಲ್ಲ ವಿದ್ವತ್ತು ಬಳಕೆಗೆ ಬಂದ ಸಂದರ್ಭ ಹೇಳುತ್ತೇನೆ. ನನ್ನ ತಂಗಿಯ ಮಗ ಒಂದು ಕಂಪನಿಯಲ್ಲಿ ಕೋಪೈಲಟ್. ಒಂದು ರಾತ್ರಿ ಫೋನ್ ಮಾಡಿದ.

“ಮಾವ, ಮ್ಯಾನೇಜ್‌ಮೆಂಟ್ ಮುಂದೆ ಇಡೋಕೆ ಒಂದು ಚಾರ್ಟ್ ಬೇಕು. ಎಲ್ಲ ಕಂಪನಿಗಿಂತ ನಮಗೇ ಕಡಿಮೆ ಅಂತ ಬರಬೇಕು.”

ಹತ್ತು ನಿಮಿಷಕ್ಕೆ ತಂಗಿಯ ಫೋನು. “ಅಣ್ಣಾ, ಭಾನುವಾರ ಹೆಣ್ಣು ನೋಡೋಕೆ ಹೋಗ್ತಿದೀವಿ. ಸೋದರಮಾವ ನೀನೇ ಮಾತಾಡ್ಬೇಕು. ಅವನ ಸಂಬಳದ್ದು ಒಂದು ಪಟ್ಟಿ ಮಾಡ್ಕೋ, ಎಲ್ರಿಗಿಂತ ಅವನಿಗೇ ಜಾಸ್ತಿ ಅಂತ ಬರಬೇಕು.”

ಎರಡನ್ನೂ ಒಂದೇ ರಾತ್ರಿ ಮುಗಿಸಿದೆ, ಒಂದೇ ಅಂಕಿಸಂಖ್ಯೆಯಿಂದ. ಕೋಪೈಲಟ್ ರಾಜೀನಾಮೆ ಕೊಟ್ಟರೆ ಆರು ತಿಂಗಳು, ಕ್ಯಾಪ್ಟನ್ ಕೊಟ್ಟರೆ ಒಂದು ವರ್ಷ ನೋಟಿಸ್ ಎಂದು 2017ರ ಸರ್ಕಾರಿ ನಿಯಮವಿದೆ. ಮೊದಲ ಪಟ್ಟಿಯಲ್ಲಿ ಇದು ‘ಜೀತ’ ಎಂದಾಯಿತು, ಎರಡನೆಯದರಲ್ಲಿ ‘ಬಿಟ್ಟು ಹೋಗುತ್ತೇನೆಂದರೂ ಬಿಡದಷ್ಟು ಬೇಡಿಕೆ’. ಗ್ಯಾರಂಟಿ ಗಂಟೆ ಮೊದಲನೆಯದರಲ್ಲಿ ‘ಕನಿಷ್ಠ’, ಎರಡನೆಯದರಲ್ಲಿ ‘ಕೂತರೂ ಸಂಬಳ’. ಈ ಗ್ಯಾರಂಟಿಯನ್ನು ಲಘುವಾಗಿ ಕಾಣಬೇಡಿ. 2024ರಲ್ಲಿ ವಿಸ್ತಾರದವರು ಏರ್ ಇಂಡಿಯಾಕ್ಕೆ ಸೇರುವ ಮುಂಚೆ ಅದು 70 ಗಂಟೆಯಿಂದ 40ಕ್ಕೆ ಇಳಿದಾಗ ಅನೇಕ ಪೈಲಟ್‌ಗಳಿಗೆ ಒಟ್ಟೊಟ್ಟಿಗೆ ಮೈ ಹುಷಾರು ತಪ್ಪಿತ್ತು. ಪಿಂಚಣಿಯ ಕಾಲಂ ಮಾತ್ರ ಕಾಡಿತು. 2014ರ ಸೆಪ್ಟೆಂಬರ್ ನಂತರ ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚಿನ ಸಂಬಳಕ್ಕೆ ಮೊದಲ ಸಲ ಕೆಲಸಕ್ಕೆ ಸೇರಿದವನಿಗೆ ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಜಾಗವೇ ಇಲ್ಲ. ಮೊದಲ ಪಟ್ಟಿಯಲ್ಲಿ ‘ಪಿಂಚಣಿ: ಇಲ್ಲ’ ಎಂದು ಬರೆದೆ. ಎರಡನೆಯದರಲ್ಲಿ ‘ಪಿಂಚಣಿ: ಅವಲಂಬನೆ ಇಲ್ಲ’.

ಡ್ಯೂಟಿ ನಿಯಮದ ಕಾಲಂ ತುಂಬುವಾಗ ಪೆನ್ನು ಸ್ವಲ್ಪ ನಿಂತಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿ, ರಾತ್ರಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿದು ಹೊಸ ನಿಯಮ ಬಂದಿದೆ. 2024ರ ಜನವರಿಯಲ್ಲಿ ಪ್ರಕಟಿಸಿ, 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತಾಗಿ ಜಾರಿಗೆ ತಂದದ್ದು. ಪೈಲಟ್‌ಗಳಿಗೆ ನಿದ್ದೆ ಬೇಕಾಗುತ್ತದೆ ಎಂಬುದನ್ನು ಸುಮಾರು ಎರಡು ವರ್ಷ ಮುಂಚಿತವಾಗಿ ತಿಳಿಸಿದರೂ ದೇಶದ ಅತಿ ದೊಡ್ಡ ವಿಮಾನ ಕಂಪನಿ ಇಂಡಿಗೊಗೆ ಡಿಸೆಂಬರಿನಲ್ಲಿ ಅದು ಥಟ್ಟನೆ ಎದುರಾಯಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು. ರಜೆಯನ್ನು ವಾರದ ವಿಶ್ರಾಂತಿಯೆಂದು ಎಣಿಸುವಂತಿಲ್ಲ ಎಂಬ ಕಲಮನ್ನು ಸರ್ಕಾರದವರು ಅಂದೇ ವಾಪಸು ಪಡೆದರು. ನಾನು ಎರಡೂ ಪಟ್ಟಿಯಲ್ಲಿ ‘ವಿಶ್ರಾಂತಿ: ನಿಯಮಾನುಸಾರ’ ಎಂದಷ್ಟೇ ಬರೆದೆ.

ಭಾನುವಾರ ಹೆಣ್ಣಿನ ಮನೆ. ಹುಡುಗಿಯ ತಂದೆ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರು. ಪಟ್ಟಿ ಇಸಿದುಕೊಂಡು ಮೊದಲು ಕೊನೆಯ ಪುಟ ತೆಗೆದರು. ಆಗಲೇ ನನಗೆ ಅನುಮಾನ ಬಂತು. ನಾನು ಹದಿನಾಲ್ಕು ಕಾಲಂಗಳನ್ನೂ ವಿವರಿಸಿದೆ. ಅಳಿಯ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲಿಂದಲೋ ಬಂದಿಳಿದಿದ್ದವನು ಕೇಸರಿಬಾತು ಬರುವ ಹೊತ್ತಿಗೆ ಸೋಫಾದ ಮೂಲೆಗೆ ಒರಗಿ ನಿದ್ದೆ ಹೋಗಿದ್ದ.

ಒಳಗಿನಿಂದ ಹುಡುಗಿಯ ಅಜ್ಜಿ ಬಂದು ಕೂತರು. “ದೀಪಾವಳಿಗೆ ಮನೇಲಿರ್ತಾನೇನಪ್ಪ ಹುಡುಗ?”

ಪಟ್ಟಿಯ ಮೇಲೆ ಕೈಯಾಡಿಸಿದೆ. ಆ ಕಾಲಂ ಇರಲಿಲ್ಲ.

“ಸೀನಿಯಾರಿಟಿ ಬಂದ್ಮೇಲೆ ಇರ್ತಾನಮ್ಮ.”

“ಯಾವಾಗ ಬರುತ್ತೆ ಅದು?”

“ಅವನ ಮುಂದಿರೋರೆಲ್ಲ ರಿಟೈರ್ ಆಗ್ತಾ ಬಂದ ಹಾಗೆ. ಅರವತ್ತೈದರ ತನಕ ಯಾರೂ ಏಳೋಲ್ಲ.”

ಅಜ್ಜಿ ಬೆರಳು ಮಡಿಸಿ ಎಣಿಸತೊಡಗಿದರು, ಎರಡು ಕೈಯೂ ಮುಗಿದ ಮೇಲೆ ಬಿಟ್ಟರು. ಹುಡುಗಿ ಕಾಫಿ ತಂದಳು. ಅವನ ಕಡೆ ಒಂದು ಸಲ ನೋಡಿ, ಲೋಟದ ಮೇಲೆ ತಟ್ಟೆ ಮುಚ್ಚಿ ಟೀಪಾಯಿಯ ಮೇಲಿಟ್ಟಳು. ತಂಗಿ ಅವನನ್ನು ಮೊಣಕೈಯಿಂದ ತಿವಿಯಲು ಹೋದಾಗ “ಇರಲಿ ಬಿಡಿ ಆಂಟಿ” ಅಂದಳು.

ಹುಡುಗಿಯ ತಂದೆ ಕನ್ನಡಕ ಏರಿಸಿಕೊಂಡು ನನ್ನನ್ನು ಕೇಳಿದರು. “ಇವತ್ತು ಇವರಿಗೆ ರಜಾನೋ, ವೀಕ್ಲಿ ರೆಸ್ಟೋ?”

“ಅವನು ರಜಾ ಅಂತ ಹಾಕಿದಾನೆ. ಕಂಪನಿಯವರು ರೆಸ್ಟ್ ಅಂತ ಬರ್ಕೊಂಡಿದಾರೆ.”

ಅವರು ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಪಟ್ಟಿಯ ಷರಾ ಕಾಲಮಿನಲ್ಲಿ ಸಣ್ಣದಾಗಿ ಏನೋ ಬರೆದು, ಕಾಗದ ನಾಲ್ಕಾಗಿ ಮಡಚಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.